ರಘು ಚಿಕ್ಕಪ್ಪನ ಫಾರ್ವರ್ಡ್

ನಮ್ಮ ಮನೆ ಗುಂಪಿನಲ್ಲಿ ಸಾಮಾನ್ಯವಾಗಿ ಶುಭೋದಯ, ಹುಟ್ಟುಹಬ್ಬ, ಮಕ್ಕಳ ಫೋಟೋ ಇಷ್ಟೇ. ಶನಿವಾರ ರಾತ್ರಿ ಮಾತ್ರ ಹನ್ನೊಂದೂವರೆಯವರೆಗೆ ಫೋನ್ ಸುಮ್ಮನಾಗಲೇ ಇಲ್ಲ. ಕಾರಣ ರಘು ಚಿಕ್ಕಪ್ಪ. ಇಪ್ಪತ್ತನಾಲ್ಕು ವರ್ಷದಿಂದ ದಿನಕ್ಕೆ ಹದಿನೈದು ಸಿಗರೇಟು ಸೇದುವ ಮನುಷ್ಯ ವೇಪ್ (ಬ್ಯಾಟರಿಯ ಇ-ಸಿಗರೇಟು) ಬಗ್ಗೆ ಒಂದು ಫಾರ್ವರ್ಡ್ ಹಾಕಿದರು. ನಾನು ಎದೆರೋಗದ ವಾರ್ಡಿನಲ್ಲಿ ನರ್ಸ್, ಹಾಗಾಗಿ ಸುಮ್ನೆ ಓದಿ ಬಿಡಲು ಆಗಲಿಲ್ಲ. ಬರೀ ಬೈದಾಟದ ಸಾಲುಗಳನ್ನು ಬಿಟ್ಟು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ. ದೊಡ್ಡಪ್ಪನಿಗೆ ಟೈಪ್ ಮಾಡಲು ಬೇಸರ, ಅವರದ್ದೆಲ್ಲ ವಾಯ್ಸ್ ಮೆಸೇಜ್. ಕೇಳಿಸಿಕೊಂಡು ಬರೆದಿದ್ದೇನೆ.

ರಘು ಚಿಕ್ಕಪ್ಪ (ಫಾರ್ವರ್ಡ್): ಸಿಗರೇಟಿನಿಂದ ವೇಪ್‌ಗೆ ಬರುವ ಹೊಸಬರಿಗೆ ಆರು ಕಿವಿಮಾತು!! ವೇಪ್ ಅಂದರೆ ಬರೀ ನೀರಾವಿ, ಭಯ ಬೇಡ. ಕಡಿಮೆ ನಿಕೋಟಿನ್‌ನಿಂದಲೇ ಶುರು ಮಾಡಿ. ಸಿಗರೇಟನ್ನು ಒಮ್ಮೆಲೇ ಬಿಡಬೇಡಿ, ಆರು ತಿಂಗಳು ಎರಡೂ ಇರಲಿ. ಹೊಗೆ ದಟ್ಟವಾದಷ್ಟೂ ತೃಪ್ತಿ, ದೊಡ್ಡ ಮಶೀನನ್ನೇ ಕೊಳ್ಳಿ. ಸಿಗರೇಟಿನ ಹಾಗೆಯೇ ಜೋರಾಗಿ ಎಳೆಯಿರಿ. ನೀರು ಜಾಸ್ತಿ ಕುಡಿಯಿರಿ. ಹತ್ತು ಜನರಿಗೆ ಕಳಿಸಿ.

ರಘು ಚಿಕ್ಕಪ್ಪ: ನಾಳೆಯಿಂದ ನಾನೂ ಶುರು. ಎಲ್ಲರೂ ಹರಸಿ.

ದೊಡ್ಡಪ್ಪ: ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು.

ಕಿರಣಣ್ಣ: ಅಪ್ಪಾ, ಉಲ್ಟಾ. ಇದು ಬೆಂಕಿಯಿಂದ ಬಾಣಲೆಗೆ. ಬಾಣಲೆಯೂ ಸುಡುತ್ತದೆ, ಇಲ್ಲ ಅನ್ನುವುದಿಲ್ಲ.

ದೊಡ್ಡಪ್ಪ: ನೀನು ಮಾತಾಡಬೇಡ. ಎರಡು ವರ್ಷದಿಂದ ಆ ಪೀಪಿಯನ್ನು ಕೊರಳಿಗೆ ಕಟ್ಟಿಕೊಂಡು ಓಡಾಡುತ್ತಿದ್ದೀಯ.

ನಾನು: ಚಿಕ್ಕಪ್ಪ, ಬಿಡಬೇಕು ಅನ್ನಿಸಿದ್ದಕ್ಕೆ ಮೊದಲು ನಿಮಗೊಂದು ಶಹಬ್ಬಾಸ್. ಆದರೆ ಆ ಆರರಲ್ಲಿ ಸರಿಯಿರುವುದು ಒಂದೇ. ನೀರು ಕುಡಿಯುವುದು.

ರಘು ಚಿಕ್ಕಪ್ಪ: ಅದ್ಯಾಕೆ ದೀಪಾ? ನೀರಾವಿ ಅಂತ ಕಿರಣನೂ ಹೇಳಿದ್ದ.

ಕಿರಣಣ್ಣ: ನಾನು ಯಾವತ್ತೂ ಹೇಳಿಲ್ಲ ಚಿಕ್ಕಪ್ಪ.

ನಾನು: ನೀರಾವಿ ಅಲ್ಲ. ಅದರಲ್ಲಿ ಇರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಫ್ಲೇವರ್, ನಿಕೋಟಿನ್. ಸಣ್ಣ ತಂತಿಯ ಸುರುಳಿ ಬಿಸಿಯಾಗಿ ಆ ದ್ರವವನ್ನು ಮಂಜಿನ ಹಾಗೆ ಮಾಡುತ್ತದೆ. ಸಿಗರೇಟು ಹಾಗಲ್ಲ, ಅದು ನಿಜವಾಗಿ ಉರಿಯುತ್ತದೆ. ದಮ್ ಎಳೆಯುವಾಗ ತುದಿಯಲ್ಲಿ 900 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಎಲೆ ಸುಟ್ಟಾಗಲೇ ಟಾರ್, ಕಾರ್ಬನ್ ಮಾನಾಕ್ಸೈಡ್ ಎಲ್ಲ ಹುಟ್ಟುವುದು. ಆ ಹೊಗೆಯಲ್ಲಿ 7000ಕ್ಕೂ ಜಾಸ್ತಿ ರಾಸಾಯನಿಕಗಳಿವೆ, ಸುಮಾರು 70 ಕ್ಯಾನ್ಸರ್ ತರುವಂಥವು. ವೇಪ್‌ನಲ್ಲಿ ಸುಡುವುದು ಇಲ್ಲ, ಅದಕ್ಕೇ ಕಡಿಮೆ ಕೆಟ್ಟದ್ದು. ಒಳ್ಳೆಯದು ಅಂತ ಅಲ್ಲ.

ರಘು ಚಿಕ್ಕಪ್ಪ: ಶೇ. 95ರಷ್ಟು ಸೇಫ್ ಅಂತ ಬ್ರಿಟನ್‌ನವರೇ ಹೇಳಿದ್ದಾರೆ, ಓದಿದ್ದೇನೆ.

ನಾನು: 2015ರಲ್ಲಿ ಅಲ್ಲಿನ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಹೇಳಿದ್ದು, ಸಿಗರೇಟಿಗಿಂತ ಸುಮಾರು ಶೇ. 95ರಷ್ಟು ಕಡಿಮೆ ಹಾನಿ ಅಂತ. 95 ಭಾಗ ಸೇಫ್ ಅಂತ ಅಲ್ಲ. ಅದೂ ಅಳೆದು ತೂಗಿದ ಲೆಕ್ಕವಲ್ಲ, ತಜ್ಞರ ಅಂದಾಜು. ಆ ಸಂಖ್ಯೆಯ ಮೇಲೆ ಡಾಕ್ಟರ್‌ಗಳ ನಡುವೆ ಇವತ್ತಿಗೂ ಜಗಳ ಇದೆ. ಈಗಿನ ರೀತಿಯ ವೇಪನ್ನು ಚೀನಾದ ಫಾರ್ಮಸಿಸ್ಟ್ ಹೊನ್ ಲಿಕ್ ಮಾಡಿದ್ದು 2003ರಲ್ಲಿ. ಸಿಗರೇಟಿನ ಕ್ಯಾನ್ಸರ್ ಕಾಣಿಸಿಕೊಳ್ಳಲು ಎಷ್ಟೋ ಸಲ ಅದಕ್ಕಿಂತ ಜಾಸ್ತಿ ವರ್ಷ ಬೇಕು. ನಲವತ್ತು ವರ್ಷ ವೇಪ್ ಎಳೆದವರು ಯಾರೂ ಇನ್ನೂ ಇಲ್ಲ.

ದೊಡ್ಡಪ್ಪ: ಅಮೆರಿಕದಲ್ಲಿ ಜನ ಸತ್ತರಲ್ಲ, ಅದನ್ನೂ ಹೇಳು.

ನಾನು: ಹೇಳುತ್ತೇನೆ ದೊಡ್ಡಪ್ಪ. ವೇಪ್ ಎಳೆದವರಲ್ಲಿ ಶ್ವಾಸಕೋಶದ ಕಾಯಿಲೆ 2019ರಲ್ಲಿ ಶುರುವಾಯಿತು. 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು, 68 ಜನ ಸತ್ತಿದ್ದರು. ಬಹುಪಾಲು ಪ್ರಕರಣಗಳಲ್ಲಿ ಸಿಕ್ಕಿದ್ದು ಗಾಂಜಾ ಎಣ್ಣೆಯ ಕಳ್ಳಮಾಲು, ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಅಂಗಡಿಯ ಮಾಮೂಲಿ ನಿಕೋಟಿನ್ ದ್ರವವಲ್ಲ. ಆದರೂ ಹೆಸರಿಲ್ಲದ ಬಾಟಲಿ, ಯಾರೋ ಮನೆಯಲ್ಲಿ ಕಲಸಿದ್ದು, ಅಂಥದ್ದನ್ನು ಮುಟ್ಟಬಾರದು.

ದೊಡ್ಡಪ್ಪ: ಅಂಗಡಿ ಅಂದೆಯಲ್ಲ. ಭಾರತದಲ್ಲಿ ಅಂಗಡಿಯೇ ಇಲ್ಲ. 2019ರಲ್ಲೇ ನಿಷೇಧ ಆಗಿದೆ.

ರಘು ಚಿಕ್ಕಪ್ಪ: ಅಣ್ಣ, ನಾನಿರುವ ಕಡೆ ಕಾನೂನುಬದ್ಧವಾಗಿ ಮಾರುತ್ತಾರೆ.

ನಾನು: ಅಲ್ಲಿ ಸರಿ. ಭಾರತಕ್ಕೆ ಬರುವಾಗ ಮಾತ್ರ ಬ್ಯಾಗಿಗೆ ಹಾಕಿಕೊಂಡು ಬರಬೇಡಿ. ಇಲ್ಲಿ ಮಾರುವುದಷ್ಟೇ ಅಲ್ಲ, ಹೊರಗಿನಿಂದ ತರುವುದೂ ನಿಷೇಧ.

ಇಷ್ಟರಲ್ಲಿ ಚಿಕ್ಕಪ್ಪನ ಮಗ ಬಂದ. ಅವನಿಗೆ ಹದಿನೇಳು.

ಅಭಿ: ಹಾಗಾದರೆ ಸಿಗರೇಟು ಸೇದದೇ ನೇರವಾಗಿ ವೇಪ್ ಹಿಡಿದರೆ ಇನ್ನೂ ಸೇಫ್ ಅಲ್ವಾ? ಹಣ್ಣಿನ ಫ್ಲೇವರ್ ಎಲ್ಲ ಇದೆಯಂತೆ.

ಸುಮಾ ಚಿಕ್ಕಮ್ಮ: ಅಭಿ, ಫೋನ್ ಅಲ್ಲೇ ಇಟ್ಟು ಹಾಲ್‌ಗೆ ಬಾ.

ನಾನು: ಅಭಿ, ನಿನಗೆ ಕಡಿಮೆ ಮಾಡಿಕೊಳ್ಳಲು ಏನೂ ಇಲ್ಲ, ಬರೀ ಹೊಸದಾಗಿ ಅಂಟಿಸಿಕೊಳ್ಳುವುದು. ನಿನ್ನ ವಯಸ್ಸಿನಲ್ಲಿ ನಿಕೋಟಿನ್ ಚಟ ಬೇಗ ಹತ್ತುತ್ತದೆ.

ಅಭಿ ಆಮೇಲೆ ಅರ್ಧ ಗಂಟೆ ಆನ್‌ಲೈನ್ ಕಾಣಲಿಲ್ಲ.

ದೊಡ್ಡಪ್ಪ: ನೋಡಿದೆಯಾ ರಘು, ಮನೆಯಲ್ಲಿ ಇದೇ ಆಗುವುದು. ವಿಶ್ವ ಆರೋಗ್ಯ ಸಂಸ್ಥೆಯವರೂ ಬೇಡ ಅನ್ನುತ್ತಾರೆ. ನಾನು ಬಿಡಲಿಲ್ಲವಾ? ಒಂದು ಸೋಮವಾರ ಪ್ಯಾಕೆಟ್ ಎಸೆದೆ, ಮುಗಿಯಿತು. ಮನಸ್ಸು ಗಟ್ಟಿ ಇರಬೇಕು ಅಷ್ಟೇ.

ಸುಮಾ ಚಿಕ್ಕಮ್ಮ: ಭಾವ, ನೀವು ಬಿಟ್ಟ ಆ ಮೂರು ತಿಂಗಳು ಅಕ್ಕ ನನಗೆ ದಿನಾ ಫೋನ್ ಮಾಡುತ್ತಿದ್ದರು. ಮನಸ್ಸು ಗಟ್ಟಿ ಇದ್ದದ್ದು ಅವರದ್ದು.

ದೊಡ್ಡಮ್ಮ: 😄😄

(ದೊಡ್ಡಮ್ಮ ಇಡೀ ರಾತ್ರಿ ಹಾಕಿದ್ದು ಈ ಎರಡು ಮುಖ ಮಾತ್ರ. ಸಾಕಾಗಿತ್ತು.)

ನಾನು: ವಿಶ್ವ ಆರೋಗ್ಯ ಸಂಸ್ಥೆಯ ಚಿಂತೆ ಹೆಚ್ಚಾಗಿ ಅಭಿಯಂಥವರದ್ದು. ಅದು ತಪ್ಪೂ ಅಲ್ಲ. ಆದರೆ ಈಗಾಗಲೇ ಸೇದುವವರ ಮೇಲೆ ಮಾಡಿದ ಪ್ರಯೋಗಗಳು ಬೇರೆ ಮಾತು ಹೇಳುತ್ತವೆ. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಪ್ರಯೋಗ ಇದೆ. 886 ಜನ. ಅರ್ಧ ಜನಕ್ಕೆ ವೇಪ್, ಉಳಿದವರಿಗೆ ನಿಕೋಟಿನ್ ಪ್ಯಾಚ್ (ಮೈಗೆ ಅಂಟಿಸುವ ಪಟ್ಟಿ), ನಿಕೋಟಿನ್ ಗಮ್ ಈ ಥರದ್ದು. ಎರಡೂ ಕಡೆ ಆಪ್ತಸಲಹೆಯೂ ಇತ್ತು. ಒಂದು ವರ್ಷದ ಮೇಲೆ ಸಿಗರೇಟು ಬಿಟ್ಟೇ ಇದ್ದವರು ವೇಪ್ ಗುಂಪಿನಲ್ಲಿ ಶೇ. 18, ಇನ್ನೊಂದರಲ್ಲಿ ಶೇ. 9.9.

ದೊಡ್ಡಪ್ಪ: ನೂರಕ್ಕೆ 18. ಉಳಿದ 82 ಜನ?

ನಾನು: ಮತ್ತೆ ಸೇದುತ್ತಿದ್ದರು ದೊಡ್ಡಪ್ಪ. ಒಪ್ಪಿದೆ. ಇನ್ನೊಂದನ್ನು ನಾನೇ ಹೇಳಿಬಿಡುತ್ತೇನೆ. ವೇಪ್‌ನಿಂದ ಬಿಟ್ಟವರಲ್ಲಿ ಶೇ. 80 ಜನ ವರ್ಷ ಕಳೆದರೂ ವೇಪ್ ಎಳೆಯುತ್ತಲೇ ಇದ್ದರು. ಗಮ್, ಪ್ಯಾಚ್‌ನವರಲ್ಲಿ ಅದನ್ನೇ ಮುಂದುವರಿಸಿದವರು ಶೇ. 9 ಮಾತ್ರ.

ಕಿರಣಣ್ಣ: ಆ 80ರಲ್ಲಿ ನಾನೊಬ್ಬ. ಸುಳ್ಳು ಯಾಕೆ. 18ರಿಂದ 6ಕ್ಕೆ ಬಂದಿದ್ದೇನೆ, ಅಲ್ಲೇ ನಿಂತಿದ್ದೇನೆ. ಆದರೆ ಅಪ್ಪಾ, ಎರಡು ವರ್ಷದಿಂದ ಒಂದು ಸಿಗರೇಟೂ ಇಲ್ಲ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ದೊಡ್ಡಪ್ಪ ಇದಕ್ಕೆ ಏನೂ ಹೇಳಲಿಲ್ಲ. ವಾಯ್ಸ್ ರೆಕಾರ್ಡ್ ಆಗುತ್ತಿದೆ ಅಂತ ತೋರಿಸಿತು, ನಿಂತಿತು, ಏನೂ ಬರಲಿಲ್ಲ.

ರಘು ಚಿಕ್ಕಪ್ಪ: ಸರಿ, 18, 6 ಅಂದರೆ ಏನು? ಫಾರ್ವರ್ಡ್‌ನಲ್ಲಿ ಕಡಿಮೆಯಿಂದ ಶುರು ಮಾಡಿ ಅಂತ ಇದೆಯಲ್ಲ. ನಾನು 3 ತಂದು ಇಟ್ಟಿದ್ದೇನೆ.

ಕಿರಣಣ್ಣ: ಒಂದು ಮಿಲಿಲೀಟರ್ ದ್ರವದಲ್ಲಿ ಎಷ್ಟು ಮಿಲಿಗ್ರಾಂ ನಿಕೋಟಿನ್ ಅಂತ. ನಿಮ್ಮ ತಪ್ಪು ಅಲ್ಲೇ ಇದೆ ಚಿಕ್ಕಪ್ಪ. ದಿನಕ್ಕೆ ಹದಿನೈದು ಸೇದುವವರಿಗೆ 3 ಯಾವ ಮೂಲೆಗೂ ಸಾಲದು. ಸಂಜೆ ಹೊತ್ತಿಗೆ ತಲೆ ಕೆಟ್ಟು ಪ್ಯಾಕೆಟ್ ಹುಡುಕುತ್ತೀರಿ, ಆಮೇಲೆ ವೇಪ್ ಕೆಲಸ ಮಾಡಲಿಲ್ಲ ಅನ್ನುತ್ತೀರಿ. ನಿಮ್ಮಂಥವರಿಗೆ 18ರ ಆಸುಪಾಸು ಬೇಕು. ಯುರೋಪ್, ಬ್ರಿಟನ್‌ನಲ್ಲಿ 20ರ ಮೇಲೆ ಮಾರುವಂತೆಯೇ ಇಲ್ಲ. ಚಟ ಹಿಡಿಸಿಕೊಂಡಿರುವುದು ನಿಕೋಟಿನ್‌ಗೆ, ಮೊದಲು ಅದರ ಬಾಯಿ ಮುಚ್ಚಿಸಿ. ಸಿಗರೇಟು ಪೂರ್ತಿ ನಿಂತ ಮೇಲೆ ನಿಧಾನವಾಗಿ ಇಳಿಸಿ.

ರಘು ಚಿಕ್ಕಪ್ಪ: ಹಾಗಾದರೆ ದೊಡ್ಡ ಮಶೀನಿಗೆ 18 ಹಾಕಿದರೆ?

ಕಿರಣಣ್ಣ: ಬೇಡ!! ತಲೆ ಸುತ್ತಿ ವಾಂತಿ ಬರುತ್ತದೆ. ದೊಡ್ಡ ಮಶೀನ್ ಒಂದೇ ದಮ್ಮಿಗೆ ತುಂಬಾ ದ್ರವ ಆವಿ ಮಾಡುತ್ತದೆ, ಅದಕ್ಕೆ 3 ಸರಿ. 18 ಬೇಕಾದರೆ ಸಣ್ಣ ಪಾಡ್, ಅಂದರೆ ಪುಟ್ಟ ವೇಪ್. ಅದರ ಕಾಯಿಲ್, ಅಂದರೆ ಬಿಸಿಯಾಗುವ ಸುರುಳಿ, ಒಂದು ಓಮ್‌ಗಿಂತ (ವಿದ್ಯುತ್ ತಡೆಯ ಅಳತೆ) ಕಡಿಮೆ ಇರಬಾರದು. ಸಿಗರೇಟಿನ ಹಾಗೆ ಗಬಕ್ಕನೆ ಎಳೆಯಬೇಡಿ. ಮೂರು ನಾಲ್ಕು ಸೆಕೆಂಡ್ ಮೆಲ್ಲಗೆ, ಮೊದಲು ಬಾಯಿಗೆ, ಆಮೇಲೆ ಒಳಗೆ. ಜೋರಾಗಿ ಎಳೆದರೆ ದ್ರವವೇ ಬಾಯಿಗೆ ಬರುತ್ತದೆ. ಮೊದಲ ಕೆಲವು ದಿನ ಕೆಮ್ಮು ಬರುತ್ತದೆ, ಬಾಯಿ ಒಣಗುತ್ತದೆ. ಆ ನೀರಿನ ಕಿವಿಮಾತು ಅದಕ್ಕೇ.

ಕಿರಣಣ್ಣ: ಇನ್ನೊಂದು, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೊಸ ಕಾಯಿಲ್ ಹಾಕಿದ ಕೂಡಲೇ ಎಳೆಯಬೇಡಿ. ಒಳಗಿರುವ ಹತ್ತಿ ನೆನೆಯಬೇಕು. ದ್ರವ ತುಂಬಿಸಿ ಹತ್ತು ನಿಮಿಷ ಸುಮ್ನೆ ಇಡಿ. ನಾನು ಮೊದಲ ದಿನ ತುಂಬಿಸಿ ತಕ್ಷಣ ಎಳೆದೆ. ಸುಟ್ಟ ಬಟ್ಟೆ ತಿಂದ ಹಾಗಾಯಿತು. ಮಾರಿದವನಿಗೆ ಬೈದು, ಮಶೀನ್ ಡ್ರಾಯರ್‌ಗೆ ಎಸೆದು, ಅವತ್ತೇ ಒಂದು ಪ್ಯಾಕೆಟ್ ಸಿಗರೇಟು ಖಾಲಿ ಮಾಡಿದೆ. ಮತ್ತೆ ಅದನ್ನು ಮುಟ್ಟಿದ್ದು ನಾಲ್ಕು ತಿಂಗಳ ಮೇಲೆ. ನಾಲ್ಕು ತಿಂಗಳು ಹಾಳಾಗಿದ್ದು ಹತ್ತು ನಿಮಿಷ ಕಾಯದೆ.

ನಾನು: ದ್ರವದ ಬಾಟಲಿ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನಿಕೋಟಿನ್ ದ್ರವ ಕುಡಿದರೆ ವಿಷ. ಮೈಮೇಲೆ ಚೆಲ್ಲಿದರೂ ತೊಳೆದುಕೊಳ್ಳಿ.

ನಾನು: ಮತ್ತೆ ಚಿಕ್ಕಪ್ಪ, ನೀವು ಕಾಫಿ ಜಾಸ್ತಿ ಕುಡಿಯುತ್ತೀರಿ. ಸಿಗರೇಟಿನ ಹೊಗೆ ಇದ್ದಾಗ ಲಿವರ್ ಕೆಫೀನನ್ನು ಬೇಗ ಖಾಲಿ ಮಾಡುತ್ತದೆ. ಹೊಗೆ ನಿಂತರೆ ಅದೇ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಕೈ ನಡುಕ, ನಿದ್ದೆ ಇಲ್ಲ. ಜನ ಅದನ್ನು ಸಿಗರೇಟು ಬಿಟ್ಟ ಸಂಕಟ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಕಾಫಿ ಅರ್ಧ ಮಾಡಿ. ಥಿಯೋಫಿಲಿನ್, ಕ್ಲೋಜಪಿನ್‌ನಂಥ ಕೆಲವು ಮಾತ್ರೆಗಳಿಗೂ ಇದೇ ಕಥೆ. ಅಂಥದ್ದು ತೆಗೆದುಕೊಳ್ಳುವವರು ಸಿಗರೇಟು ನಿಲ್ಲಿಸುವ ಮೊದಲೇ ಡಾಕ್ಟರ್‌ಗೆ ಹೇಳಬೇಕು. ಅದಿರಲಿ, ನನ್ನನ್ನು ಕೇಳಿದರೆ ಮೊದಲು ಪ್ಯಾಚ್ ಮತ್ತು ಗಮ್ ಎರಡೂ ಜೊತೆಗೆ ನೋಡಿ ಅನ್ನುತ್ತೇನೆ.

ರಘು ಚಿಕ್ಕಪ್ಪ: ಎರಡು ಸಲ ನೋಡಿ ಆಯಿತಮ್ಮ. ಕೈಗೆ ಏನಾದರೂ ಬೇಕು ನನಗೆ.

ನಾನು: ಹಾಗಾದರೆ ವೇಪ್ ಹಿಡಿಯಿರಿ. ಆದರೆ ಆ ಮೂರನೇ ಕಿವಿಮಾತು, ಆರು ತಿಂಗಳು ಎರಡೂ ಇರಲಿ ಅನ್ನುವುದು, ಅದೊಂದನ್ನು ಮರೆತುಬಿಡಿ. ಎಲ್ಲಕ್ಕಿಂತ ಕೆಟ್ಟದ್ದು ಅದೇ.

ರಘು ಚಿಕ್ಕಪ್ಪ: ಯಾಕೆ, ಕಡಿಮೆ ಆಗುತ್ತದಲ್ಲ? ಈಗ ನೋಡು, ವೇಪ್ ಬಂದ ಮೇಲೆ ಹದಿನೈದು ಇದ್ದದ್ದು ನಾಲ್ಕಕ್ಕೆ ಬಂದಿದೆ.

ಒಂದು ನಿಮಿಷ ಯಾರೂ ಏನೂ ಬರೆಯಲಿಲ್ಲ.

ಕಿರಣಣ್ಣ: ನಾಳೆಯಿಂದ ಶುರು ಅಂದಿರಿ?

ಸುಮಾ ಚಿಕ್ಕಮ್ಮ: ಒಂದೂವರೆ ತಿಂಗಳಾಯಿತು. ನಾಲ್ಕೂ ಸುಳ್ಳು. ಬಾಲ್ಕನಿಯ ಹೂಕುಂಡದಲ್ಲಿ ಇವತ್ತು ಎಣಿಸಿದೆ, ಏಳು ಮೋಟು.

ದೊಡ್ಡಪ್ಪ: ಹಹ್ಹಾ. ಅಲ್ಲ ಕಣೋ ರಘು!

ರಘು ಚಿಕ್ಕಪ್ಪ: ಹದಿನೈದಕ್ಕೆ ಏಳಾದರೂ ಅರ್ಧ ತಾನೇ? ಅರ್ಧ ಅಪಾಯ ಕಡಿಮೆ.

ನಾನು: ಹೃದಯ ಹಾಗೆ ಲೆಕ್ಕ ಹಾಕುವುದಿಲ್ಲ ಚಿಕ್ಕಪ್ಪ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. ದಿನಕ್ಕೆ 20 ಸೇದಿದರೆ ಹೃದಯದ ಕಾಯಿಲೆಯ ಅಪಾಯ ಎಷ್ಟು ಏರುತ್ತದೋ, ಬರೀ 1 ಸೇದಿದರೂ ಅದರ ಹತ್ತಿರ ಹತ್ತಿರ ಅರ್ಧದಷ್ಟು ಏರುತ್ತದೆ. ಇಪ್ಪತ್ತನೇ ಒಂದು ಭಾಗ ಅಲ್ಲ, ಅರ್ಧ. ನೀವು ಏಳರಲ್ಲಿ ಇದ್ದೀರಿ, ಮೇಲೆ ವೇಪ್ ಬೇರೆ. ಕೊನೆಯ ಆ ಒಂದು ನಿಲ್ಲುವವರೆಗೆ ಲಾಭದ ದೊಡ್ಡ ಪಾಲು ಕೈಗೆ ಬರುವುದೇ ಇಲ್ಲ.

ಇಲ್ಲಿಗೆ ಚಿಕ್ಕಪ್ಪನ ಜೋಕುಗಳು ನಿಂತವು. ಸ್ವಲ್ಪ ಹೊತ್ತಿನ ಮೇಲೆ ಮೇಲಿದ್ದ ಫಾರ್ವರ್ಡ್ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಬಂತು. (ಅಷ್ಟರಲ್ಲಿ ನಾನು ಸ್ಕ್ರೀನ್‌ಶಾಟ್ ತೆಗೆದಿದ್ದೆ.)

ದೊಡ್ಡಪ್ಪ: ರಘು, ಮೊದಲ ಮೂರು ದಿನ ತುಂಬಾ ಕಷ್ಟ. ಆಮೇಲೆ ಇಳಿಯುತ್ತದೆ. ಆ ಮೂರು ದಿನ ರಾತ್ರಿ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎತ್ತುತ್ತೇನೆ. ಪೀಪಿ ಊದಿಕೊಂಡೇ ಮಾತಾಡು, ಪರವಾಗಿಲ್ಲ.

ರಘು ಚಿಕ್ಕಪ್ಪ: ಆಯಿತು ಅಣ್ಣ.

ಬೆಳಿಗ್ಗೆ ಎಂಟೂವರೆಗೆ ಚಿಕ್ಕಪ್ಪ ಒಂದು ಫೋಟೋ ಹಾಕಿದರು. ಸಣ್ಣ ಪಾಡ್, ಪಕ್ಕದಲ್ಲಿ 18 ಅಂತ ಬರೆದ ಬಾಟಲಿ.

ರಘು ಚಿಕ್ಕಪ್ಪ: ತುಂಬಿಸಿದೆ ಕಿರಣ. ಎರಡು ನಿಮಿಷ ಆಯಿತು.

ಕಿರಣಣ್ಣ: ಇನ್ನು ಎಂಟು.

ಸುಮಾ ಚಿಕ್ಕಮ್ಮ: ಅಷ್ಟರಲ್ಲಿ ಬಾಲ್ಕನಿ ಕಡೆ ಹೋಗಬೇಡಿ. ಕುಂಡ ತೊಳೆದಿಟ್ಟಿದ್ದೇನೆ.