ಸ್ಪೀಡ್‌ಮಾಸ್ಟರಾ, ಎಕ್ಸ್‌ಪ್ಲೋರರಾ? ಕಟ್ಟಿ ಬಳಸಿದವರು ಹೇಳಿ

ಪ್ರಶ್ನೆ, ಬೆಂಗಳೂರಿನಿಂದ:
ನಲವತ್ತು ತುಂಬೋ ಹೊತ್ತಿಗೆ ಒಂದು ಒಳ್ಳೇ ವಾಚು ಅಂತ ದುಡ್ಡು ಕೂಡಿಟ್ಟಿದ್ದೀನಿ. ಕೊನೆಗೆ ಉಳಿದಿರೋದು ಎರಡು: ಕೀ ಕೊಡೋ ಒಮೆಗಾ ಸ್ಪೀಡ್‌ಮಾಸ್ಟರ್ ಮೂನ್‌ವಾಚ್, ಕೈಯಾಡಿದರೆ ತಾನೇ ಕೀ ತಗೊಳ್ಳೋ (ಆಟೋಮ್ಯಾಟಿಕ್) ರೋಲೆಕ್ಸ್ ಎಕ್ಸ್‌ಪ್ಲೋರರ್, 36 ಮಿ.ಮೀ. ಅಗಲದ್ದು. ನನ್ನ ಮಣಿಕಟ್ಟು ಸಣ್ಣದು, ಆರೂಕಾಲು ಇಂಚು. ದಿನಾ ಸ್ಕೂಟರಲ್ಲಿ ಆಫೀಸು. ಇದುವರೆಗೆ ಕಟ್ಟಿದ್ದು ಅಪ್ಪನ ಎಚ್‌ಎಂಟಿ ಜನತಾ ಮಾತ್ರ. ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ.

ಮೈಸೂರಿನಿಂದ:
ಮೂನ್‌ವಾಚ್ ಕಟ್ಟೋಕೆ ಶುರು ಮಾಡಿ ಮೂರು ವರ್ಷ ಆಯ್ತು, ಹೆಸಲೈಟ್ ಗಾಜಿಂದು. ಗಾಜು ಅಂತ ಹೆಸರಿಗೆ, ಅದು ಅಕ್ರಿಲಿಕ್. ನಿಮ್ಮ ಜನತಾ ಮೇಲಿರೋ ಜಾತಿಯದೇ. ಬಾಗಿಲಿಗೆ ತಗುಲಿದ್ರೆ ಗೀರು ಬೀಳುತ್ತೆ, ಪಾಲಿಶ್ ಪೇಸ್ಟ್ ಹಚ್ಚಿ ಉಜ್ಜಿದ್ರೆ ಹೋಗುತ್ತೆ. ಗಾಜಿನ ನಟ್ಟನಡುವೆ ಸಾಸಿವೆಗಿಂತ ಚಿಕ್ಕದಾಗಿ ಒಮೆಗಾ ಗುರುತು ಇದೆ, ಬೆಳಕಿಗೆ ಓರೆ ಹಿಡಿದ್ರೆ ಮಾತ್ರ ಕಾಣೋದು. ಸಫೈರ್ ಅನ್ನೋ ಗಟ್ಟಿ ಗಾಜಿನ ಮಾದರಿಯಲ್ಲಿ ಗೀರಿನ ಭಯ ಇಲ್ಲ, ಹಿಂದುಗಡೆಯಿಂದ ಮೆಷಿನ್ನೂ ಕಾಣುತ್ತೆ, ಬೆಲೆ ಹೆಚ್ಚು.

ಬೆಳಿಗ್ಗೆ ಡಿಕಾಕ್ಷನ್ ಇಳಿಯೋ ಹೊತ್ತಿಗೆ ಕೀ ಕೊಡ್ತೀನಿ. ಕೊನೆಗೆ ಬೆರಳಿಗೆ ತಡೆ ಸಿಗುತ್ತೆ, ಅಲ್ಲಿಗೆ ಬಿಡಬೇಕು. ತುಂಬ ಕೊಟ್ಟರೆ 50 ಗಂಟೆ. ಶುಕ್ರವಾರ ಕೀ ಕೊಟ್ಟು ಬಿಚ್ಚಿಟ್ಟರೆ ಸೋಮವಾರಕ್ಕೆ ನಿಂತಿರುತ್ತೆ. ಇನ್ನೊಂದು, ಇದರಲ್ಲಿ ಸ್ಟಾಪ್‌ವಾಚೂ ಇದೆ; ದೊಡ್ಡ ಸೆಕೆಂಡ್ ಮುಳ್ಳು ಅದರದು, ಸುಮ್ಮನೆ ಹನ್ನೆರಡರ ಮೇಲೇ ಇರುತ್ತೆ. ಮಾಮೂಲಿ ಸೆಕೆಂಡ್ ಮುಳ್ಳು ಓಡೋದು ಎಡಗಡೆಯ ಪುಟ್ಟ ವೃತ್ತದಲ್ಲಿ. ಮದುವೆ ಮನೆಯಲ್ಲಿ ನಮ್ಮ ಸೋದರಮಾವ ನೋಡಿ, "ಇಷ್ಟು ದುಡ್ಡು ಸುರಿದು ನಿಂತುಹೋದ ವಾಚು ತಂದ್ಯಲ್ಲೋ" ಅಂದರು.

ಅಗಲ 42 ಮಿ.ಮೀ. ಅಂತ ಹೆದರಬೇಡಿ. ಪಟ್ಟಿ ಸಿಕ್ಕಿಸೋ ಕಾಲುಗಳ ತುದಿಯಿಂದ ತುದಿಗೆ ಎಷ್ಟಿದೆ ನೋಡಿ: 47 ಚಿಲ್ಲರೆ. ನಿಮಗೆ ಅಂಚಿನವರೆಗೆ ಬರುತ್ತೆ. ದಪ್ಪವೂ 13 ದಾಟುತ್ತೆ, ಫುಲ್ ಕೈ ಷರ್ಟಿನ ಕಫ್ ಒಳಗೆ ಸಲೀಸಾಗಿ ಹೋಗಲ್ಲ.

ಮಂಗಳೂರಿನಿಂದ:
ನನ್ನದು ಎಕ್ಸ್‌ಪ್ಲೋರರ್. ಕಟ್ಟಿದ್ದೇ ಮರೆತುಹೋಗುವಷ್ಟು ಹಗುರ. ಪಕ್ಕದ ಕೀ ಗುಂಡಿ (ಕ್ರೌನ್) ತಿರುಗಿಸಿ ಬಿಗಿಯುವಂಥದ್ದು, ನೀರು ತಡೆಯುವುದು 100 ಮೀಟರ್‌ವರೆಗೆ, ಬಿಚ್ಚಿಟ್ಟರೂ 70 ಗಂಟೆ ಓಡುತ್ತೆ. ನಮ್ಮ ಮಳೆಗೆ ಹೇಳಿಮಾಡಿಸಿದ್ದು. ಮೂನ್‌ವಾಚ್ 50 ಮೀಟರ್, ತುಂತುರಿಗೆ ಸಾಕು, ಈಜಿಗಲ್ಲ. ದಿನಕ್ಕೆ 2 ಸೆಕೆಂಡ್ ಆಚೀಚೆ ಅಂತ ರೋಲೆಕ್ಸ್, 0ಯಿಂದ 5 ಸೆಕೆಂಡ್ ಮುಂದೆ ಅಂತ ಒಮೆಗಾ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಬಸ್ಸೇನೂ ತಪ್ಪಲ್ಲ.

ಕಷ್ಟ ಇರುವುದು ಸಿಗುವುದರಲ್ಲಿ. ಹೆಸರು ಬರೆಸಿ ಹದಿನಾಲ್ಕು ತಿಂಗಳು ಕಾದೆ. ನಡುವೆ ತಾಳ್ಮೆ ಕೆಟ್ಟು ಒಂದು ಸೆಕೆಂಡ್‌ಹ್ಯಾಂಡ್ ತಗೊಂಡು ಕೈ ಸುಟ್ಟುಕೊಂಡೆ. ಪಾಲಿಶ್ ಮಾಡಿ ಮಾಡಿ ಕಾಲುಗಳ ಏಣೆಲ್ಲ ಸವೆದು ಬಳಸಿದ ಸೋಪಿನ ಹಾಗಾಗಿತ್ತು. ಮೊದಲ ಮಳೆಗೇ ಗಾಜಿನೊಳಗೆ ಹಬೆ. ಮಾರಿದವರು ಆಮೇಲೆ ಫೋನೇ ಎತ್ತಲಿಲ್ಲ. ಹೊಸದೇ ತಗೊಳ್ಳಿ, ಎರಡಕ್ಕೂ 5 ವರ್ಷ ವಾರಂಟಿ ಇದೆ. 2 ಲಕ್ಷ ದಾಟಿದ ಬಿಲ್ಲಿಗೆ ಪ್ಯಾನ್ ಬೇಕು, ಕಾರ್ಡ್ ಇಟ್ಟುಕೊಂಡೇ ಹೋಗಿ.

ಹುಬ್ಬಳ್ಳಿಯಿಂದ:
ಸರ್ವಿಸ್ ಮಾತು ಯಾರೂ ತಗದಿಲ್ಲ ನೋಡ್ರಿ. ನಮ್ಮಪ್ಪಾರದು ವಾಚ್ ರಿಪೇರಿ ಅಂಗಡಿ ಇತ್ತು. ಸ್ಟಾಪ್‌ವಾಚ್ ಇದ್ದದ್ದು ಅಂದ್ರ ಒಂದು ಗಡಿಯಾರದ ಮ್ಯಾಲೆ ಇನ್ನೊಂದು ಕುಂತಂಗ. ಲಿವರ್ರು, ಕ್ಲಚ್ಚು, ಎಲ್ಲಾ ಬಿಚ್ಚಿ ತೊಳದು ಎಣ್ಣಿ ಹಾಕಬೇಕು, ಮೂರು ಮುಳ್ಳಿನ ವಾಚಿಗಿಂತ ಖರ್ಚು ಹೆಚ್ಚು. ರೋಲೆಕ್ಸ್‌ನವರು ಸುಮಾರು 10 ವರ್ಷಕ್ಕೊಮ್ಮೆ ಅಂತಾರ, ಒಮೆಗಾದವರು 5ರಿಂದ 8. ಚಂದ್ರನ ಕಥಿಗೆ ಮರುಳಾಗಬ್ಯಾಡ್ರಿ. 1969ರಾಗ ಆಲ್ಡ್ರಿನ್ ಸ್ಪೀಡ್‌ಮಾಸ್ಟರ್ ಕಟ್ಟಿಕೊಂಡು ಚಂದ್ರನ ಮ್ಯಾಲೆ ಇಳದಿದ್ದು ಖರೆ, ಆದ್ರ ಆರ್ಮ್‌ಸ್ಟ್ರಾಂಗ್ ತಮ್ಮದನ್ನ ನೌಕೆಯೊಳಗ ಬಿಟ್ಟು ಇಳದಿದ್ರು! ದಿನಾ ಸ್ಕೂಟರ್ ಅಂದ್ರ ನಾ ಎಕ್ಸ್‌ಪ್ಲೋರರ್ ಅಂತೀನಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಹೋಗಿ ಮೂನ್‌ವಾಚ್ ಕಟ್ಟಿ ನೋಡಿದೆ. ಮೈಸೂರಿನವರು ಹೇಳಿದ ಹಾಗೇ, ಕಾಲುಗಳು ಅಂಚಿಗೆ ಬಂದು ನಿಂತವು. ಎಕ್ಸ್‌ಪ್ಲೋರರ್ ಶೋಕೇಸಲ್ಲಿತ್ತು, ಮಾರೋಕಲ್ಲ ಅಂದರು; ಹೆಸರು ಬರೆಸಿ ಬಂದೆ. ಅಲ್ಲಿವರೆಗೂ ಜನತಾನೇ. ಹುಬ್ಬಳ್ಳಿ ಅಣ್ಣಾ, ಅದು ದಿನಕ್ಕೆ ಮೂರು ನಿಮಿಷ ಹಿಂದೆ ಬೀಳ್ತಿದೆ, ಅಪ್ಪಾರು ಈಗಲೂ ನೋಡ್ತಾರಾ?