ಈಸ್ಟಿನ್ಯಾಗ ಗಂಧದೆಣ್ಣಿ ಮಾಡ್ತಾರಂತ, ಖರೇನ?

ಅಂಗಡಿ_ಹುಡುಗ: ನಮ್ದು ಹುಬ್ಬಳ್ಳಿ ದುರ್ಗದಬೈಲ್ ಹತ್ರ ಊದಿನಕಡ್ಡಿ, ಅತ್ತರ್ ಅಂಗಡಿ ಐತ್ರಿ. ಮೊನ್ನೆ ಮಾಲು ಕೊಡೋ ಒಬ್ರು ಬಂದು, ಇದು ಗಿಡದ್ದಲ್ಲ ಈಸ್ಟಿನ್ಯಾಗ ತೆಗದಿದ್ದು, ಗಂಧದೆಣ್ಣಿ ಅಂದ್ರ ಇದ ಅಂತ ಸಣ್ಣ ಬಾಟ್ಲಿ ಇಟ್ಟು ಹೋದ್ರು. ಅಪ್ಪಾರು "ಬ್ರೆಡ್ಡಿಗೆ ಹಾಕೋ ಈಸ್ಟಿಗೂ ಗಂಧಕ್ಕೂ ಎಲ್ಲಿ ಸಂಬಂಧ, ಟೊಪ್ಪಿಗಿ ಹಾಕಾಕ ಬಂದಾನ" ಅಂತಾರ. ತಿಳದವ್ರು ಹೇಳ್ರಿ.

ಧಾರವಾಡ_ಮಾಸ್ತರ್: ಸಂಬಂಧ ಐತಿ ತಮ್ಮಾ. ಈಸ್ಟ್ ತನಗ ಬೇಕಾದ ಎರ್ಗೋಸ್ಟೆರಾಲ್ ಅನ್ನೋ ಕೊಬ್ಬಿನಂಥಾದು ಮಾಡ್ಕೊಳ್ಳೋ ದಾರ್ಯಾಗ ಫಾರ್ನೆಸಿಲ್ ಪೈರೋಫಾಸ್ಫೇಟ್ ಅಂತ 15 ಕಾರ್ಬನ್ನಿಂದು ಒಂದ್ ಬರ್ತೈತಿ, ಗಂಧದ ಗಿಡಾನೂ ಅದನ್ನ ಹಿಡದ ಸ್ಯಾಂಟಲೀನ್ ಮಾಡ್ತೈತಿ, ಅಂದ್ರ ಕಚ್ಚಾ ಮಾಲು ಇಬ್ಬರ ಮನ್ಯಾಗೂ ಐತಿ, ಅದನ್ನ ಸ್ಯಾಂಟಲೀನ್ ಮಾಡೋ ಎಂಜೈಮ್ ಅಷ್ಟ ಗಿಡದ ಕಡೆ. ಆ ಎಂಜೈಮ್ ಮಾಡೋ ಗಿಡದ ಜೀನ್ ತಂದು ಈಸ್ಟಿಗೆ ಹಾಕ್ತಾರ. ಆದ್ರ ಈಸ್ಟ್ ಎಲ್ಲಾನೂ ಎರ್ಗೋಸ್ಟೆರಾಲಿಗೇ ಹರಸ್ತೈತಿ, ಅದನ್ನ ಪೂರ್ತಿ ಬಂದ್ ಮಾಡಿದ್ರ ಸಾಯ್ತೈತಿ. ಹಂಗಾಗಿ ಆ ಕಡೆ ಹರಸೋ ಎರ್ಗ್-9 ಜೀನಿನ ಕೆಲಸ ಕಡಿಮಿ ಮಾಡ್ತಾರ, ಮಲಪ್ರಭಾ ಕಾಲುವಿ ಗೇಟ್ ಅರ್ಧ ಇಳಿಸಿ ನೀರು ನಮ್ಮ ಹೊಲಕ್ಕ ತಿರಿಗಿಸಿದಂಗ. ಖರೇ ತಲಿಬ್ಯಾನಿ ಅದಾದ ಮ್ಯಾಲೆ, ಸ್ಯಾಂಟಲೀನಿಗೆ ಆಕ್ಸಿಜನ್ ಕೂಡಿಸಿ ಗಂಧದ ವಾಸ್ನಿ ಕೊಡೋ ಸ್ಯಾಂಟಲಾಲ್ ಮಾಡಾಕ ಪಿ450 ಅನ್ನೋ ಜಾತಿ ಎಂಜೈಮ್ ಬೇಕು, ಗಿಡದ ಪಿ450 ಈಸ್ಟಿನ್ಯಾಗ ಸುಮ್ನ ಸರಿಯಾಗಿ ನಡ್ಯಂಗಿಲ್ಲ. ಲ್ಯಾಬಿನ್ಯಾಗ ವಾಸ್ನಿ ಹಾರಿ ಹೋಗಬಾರ್ದಂತ ಮ್ಯಾಲೆ ಡೋಡೆಕೇನ್ ಅನ್ನೋ ಎಣ್ಣಿಯಂಥಾದು ಒಂದ್ ಪದರ ನಿಲ್ಲಸ್ತಾರ, ಬಂದಿದ್ದೆಲ್ಲಾ ಅದರಾಗ ಇಳೀತೈತಿ.

ಗದಗ್_ಮೂಗು: ಮಾಸ್ತರ್ ಹೇಳಿದ್ದು ಖರೇ, ಆದ್ರ ಅಪ್ಪಾರ್ ಸಿಟ್ಟೂ ಸುಳ್ಳಲ್ಲ. ಗಿಡದೆಣ್ಣಿ ಅಂದ್ರ ಆಲ್ಫಾ, ಬೀಟಾ ಸ್ಯಾಂಟಲಾಲ್ ಜೊತಿಗೆ ಇನ್ನೂ ಎಷ್ಟೋ ಕೂಡಿದ ಮಾಲು, ಈಸ್ಟ್ ಮಾಡೋದು ಅದರಾಗಿನ ಒಂದೆರಡು. ಅದನ್ನ ಸ್ಯಾಂಟಲಾಲ್ ಅಂತ ಮಾರ್ಲಿ, ಗಂಧದೆಣ್ಣಿ ಅಂತ ಯಾಕ? 2014ರಾಗ ಫರ್ಮೆನಿಷ್ ಕಂಪನಿ ಈಸ್ಟಿಂದ ಪಚೋಲಿ ಎಲಿ ಎಣ್ಣಿಯಂಥಾದು ತಂದಾಗ ಕ್ಲಿಯರ್‌ವುಡ್ ಅಂತ ಬ್ಯಾರೆ ಹೆಸರ ಇಟ್ಟಿತ್ತು. ಎಣ್ಣ್ಯಾಗ ಏನೇನು ಎಷ್ಟೆಷ್ಟು ಐತಿ ಅಂತ ತೋರಸೋ ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ) ರಿಪೋರ್ಟ್ ಕೇಳು.

ಹಾವೇರಿ_ಅಕ್ಕ: ಬರೇ ಗಂಧ ಅಲ್ರಿ, ಯಾರೋವಿಯಾ ಅನ್ನೋ ಇನ್ನೊಂದ್ ಜಾತಿ ಈಸ್ಟಿಗೆ ಔಡಲೆಣ್ಣಿಯೊಳಗಿನ ಕೊಬ್ಬಿನ ಆಮ್ಲ ಕೊಟ್ರ ಪೀಚ್ ಹಣ್ಣಿನ ವಾಸ್ನಿ ಬರೋ ಗಾಮಾ-ಡೆಕಲ್ಯಾಕ್ಟೋನ್ ಮಾಡ್ತೈತಿ. ಸಣ್ಣವ್ರಿದ್ದಾಗ ಮೂಗು ಮುಚ್ಚಿ ಕುಡಿಸಿದ ಎಣ್ಣಿ ನೋಡ್ರಿ ಅದು 😄

ಅಂಗಡಿ_ಹುಡುಗ: ರಿಪೋರ್ಟ್ ಕೇಳಿದೆ, ಕಳಸ್ತೀನಿ ಅಂದ್ರು, ಆವಾಗಿಂದ ಫೋನ್ ಎತ್ತವಲ್ರು. ಬಾಟ್ಲಿ ಗಲ್ಲಾದಾಗ ಐತಿ, ನೋಟೆಲ್ಲಾ ಗಂಧದ ವಾಸ್ನಿ ಹೊಡ್ಯಾಕತ್ತಾವ.