ಹೊಸ ಅಕ್ವೇರಿಯಂಗೆ ಮೀನುಗಳನ್ನು ಯಾವಾಗ ಬಿಡಬೇಕು?

ಪ್ರಶ್ನೆ: ಮೊದಲ ಬಾರಿಗೆ 60 ಲೀಟರಿನ ಅಕ್ವೇರಿಯಂ ಇಟ್ಟು, ಜಲ್ಲಿ ಹಾಸಿ, ಫಿಲ್ಟರ್ ಮತ್ತು ಹೀಟರ್ ಜೋಡಿಸಿ ನಲ್ಲಿ ನೀರು ತುಂಬಿಸಿದ್ದೇನೆ. ನೀರು ತಿಳಿಯಾಗಿದೆ. ಈಗಲೇ ಎರಡು ಗೋಲ್ಡ್‌ಫಿಶ್ ಮತ್ತು ಕೆಲವು ನಿಯಾನ್ ಟೆಟ್ರಾಗಳನ್ನು ಬಿಡಬಹುದೇ?

ಉತ್ತರ 1: ದಯವಿಟ್ಟು ಈಗಲೇ ಬಿಡಬೇಡಿ. ನೀರು ತಿಳಿಯಾಗಿದ್ದ ಮಾತ್ರಕ್ಕೆ ಮೀನಿಗೆ ಸುರಕ್ಷಿತವೆಂದು ಹೇಳಲಾಗದು. ಮೀನುಗಳ ವಿಸರ್ಜನೆಯಿಂದಲೂ ಕೊಳೆತ ಆಹಾರದಿಂದಲೂ ಉಂಟಾಗುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಇವು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಫಿಲ್ಟರನ್ನು ನಿಲ್ಲಿಸದೆ, ಈ ಬ್ಯಾಕ್ಟೀರಿಯಾಗಳಿಗೆ ಅಮೋನಿಯಾ ಸಿಗಲೆಂದು ಚಿಟಿಕೆಯಷ್ಟು ಮೀನಿನ ಆಹಾರ ಹಾಕುತ್ತಾ, ಟೆಸ್ಟ್ ಕಿಟ್‌ನಿಂದ ನೀರನ್ನು ಪರೀಕ್ಷಿಸುತ್ತಿರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿಕೊಂಡರೆ ತೊಟ್ಟಿ ಸಿದ್ಧವಾದಂತೆ. ನಲ್ಲಿ ನೀರಿನ ಕ್ಲೋರಿನ್ ಈ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ ಡಿಕ್ಲೋರಿನೇಟರ್ (ಕ್ಲೋರಿನ್ ನಿವಾರಿಸುವ ದ್ರಾವಣ) ಬಳಸುವುದನ್ನು ಮರೆಯಬೇಡಿ.

ಉತ್ತರ 2: ನೀವು ಆರಿಸಿದ ಜೋಡಿಯೂ ಸರಿಯಲ್ಲ. ಗೋಲ್ಡ್‌ಫಿಶ್ ತಂಪು ನೀರಿನ ಮೀನು, ಟೆಟ್ರಾಗಳಿಗೆ ಬೆಚ್ಚಗಿನ ನೀರು ಬೇಕು. ಬಹಳ ದೊಡ್ಡದಾಗಿ ಬೆಳೆಯುವ ಗೋಲ್ಡ್‌ಫಿಶ್‌ಗೆ 60 ಲೀಟರ್ ಸಾಲದು, ಬೆಳೆದ ಮೇಲೆ ಟೆಟ್ರಾಗಳನ್ನು ನುಂಗಲೂಬಹುದು. ಟೆಟ್ರಾಗಳನ್ನು ಮಾತ್ರ ಇಡಿ. ಗುಂಪಿನಲ್ಲಿ ಬದುಕುವ ಅವು ಕನಿಷ್ಠ ಆರಾದರೂ ಇರಬೇಕು.

ಪ್ರಶ್ನೆ ಕೇಳಿದವರು: ಗೋಲ್ಡ್‌ಫಿಶ್ ಯೋಚನೆಯನ್ನು ಕೈಬಿಟ್ಟಿದ್ದೇನೆ. ಈ ಕಾಯುವ ಅವಧಿಯನ್ನು ಕಡಿಮೆ ಮಾಡಲು ಸಾಧ್ಯವೇ?

ಉತ್ತರ 1: ಸಾಧ್ಯವಿದೆ. ಪರಿಚಿತರ ಹಳೆಯ, ರೋಗವಿಲ್ಲದ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ಒಣಗಲು ಬಿಡದೆ ತಂದು ನಿಮ್ಮ ಫಿಲ್ಟರಿನಲ್ಲಿರಿಸಿ. ಆಗಲೂ ಪರೀಕ್ಷೆ ಮಾಡಿಯೇ ಮೀನು ಬಿಡಿ.